ಚಕ್ಕೋತದ ತೊಳೆಯಂಥ ರಾಜ್ಯ: ಶಿಕಾಗೋದ ಮೇಷ್ಟ್ರು ಮತ್ತು ದೇವನಹಳ್ಳಿ ಕೋಟೆ

ಏರ್‌ಪೋರ್ಟಿನಿಂದ ಹೊರಬಿದ್ದ ಕ್ಯಾಬ್‌ಗಳೆಲ್ಲ ಬೆಂಗಳೂರಿನ ಕಡೆ ಮುಖ ಮಾಡುತ್ತವೆ. ಒಂದು ಸಲ ಉಲ್ಟಾ ತಿರುಗಿ. ಹೈದರಾಬಾದ್ ಹೈವೇಯಲ್ಲಿ ಸ್ವಲ್ಪ ಹೊತ್ತು ಹೋದರೆ ದೇವನಹಳ್ಳಿ, ರಸ್ತೆ ಪಕ್ಕದಲ್ಲೇ ಕೋಟೆ. ಟಿಕೆಟ್ ತಗೊಂಡು ನೋಡುವ ಸ್ಮಾರಕದ ಥರ ಅಲ್ಲ, ಒಳಗಡೆ ಊರೇ ಇದೆ. ಮನೆಗಳು, ಬಟ್ಟೆ ಒಣಹಾಕಿದ ಹಗ್ಗ, ಬೈಕು, ವೇಣುಗೋಪಾಲಸ್ವಾಮಿ ದೇವಸ್ಥಾನ. ಗೋಡೆ ಹತ್ತಿದರೆ ಅರ್ಧಚಂದ್ರಾಕಾರದ ಬುರುಜುಗಳು, ಬಂದೂಕು ತೂರಿಸಲು ಬಿಟ್ಟ ಕಿಂಡಿಗಳು. ಹತ್ತಿರದಲ್ಲೇ ಟಿಪ್ಪು ಹುಟ್ಟಿದ ಜಾಗ ಅಂತ ಗುರುತಿಸಿರುವ ಪುಟ್ಟ ಕಂಬಗಳ ಮಂಟಪ.

ಕೋಟೆಯ ಚರಿತ್ರೆಯನ್ನು ಎರಡೇ ಸಾಲಿನಲ್ಲಿ ಹೇಳಿ ಮುಗಿಸುವುದು ರೂಢಿ. 1501ರಲ್ಲಿ ಆವತಿ ವಂಶದ ಮಲ್ಲಬೈರೇಗೌಡ ಮಣ್ಣಿನ ಕೋಟೆ ಕಟ್ಟಿಸಿದ. ಆಮೇಲೆ ಹೈದರಾಲಿ ಕಾಲದಲ್ಲಿ ಅದು ಕಲ್ಲಿನ ಕೋಟೆ ಆಯ್ತು. ಓದಿ, ಸೆಲ್ಫಿ ತಗೊಂಡು, ಇಳಿದು ಬರುತ್ತೇವೆ. ಆದರೆ ಈ ಎರಡು ಸಾಲುಗಳ ನಡುವೆ ಇನ್ನೂರೈವತ್ತು ವರ್ಷ ಇದೆ. ಮಣ್ಣಿನ ಕೋಟೆ ಊರ ಗೌಡನದು. ಕಲ್ಲಿನ ಕೋಟೆ ಶ್ರೀರಂಗಪಟ್ಟಣದ ಸರ್ಕಾರದ್ದು. ಹಾಗಿದ್ದರೆ ಮಣ್ಣಿನ ಕಾಲದಲ್ಲಿ ಈ ಸೀಮೆಯನ್ನು ನಿಜವಾಗಿ ಆಳುತ್ತಿದ್ದವರು ಯಾರು? ದೂರದ ಹಂಪೆಯ ರಾಯರೋ, ಇಲ್ಲೇ ಇದ್ದ ಗೌಡರೋ?

ದೇವನಹಳ್ಳಿ ಬಗ್ಗೆ ಪುಸ್ತಕ ಬರೆಯದಿದ್ದರೂ, ಇದೇ ಪ್ರಶ್ನೆಯನ್ನು ಇಡೀ ದಕ್ಷಿಣ ಭಾರತಕ್ಕೆ ಕೇಳುತ್ತಾ ಸುಮಾರು ನಲವತ್ತು ವರ್ಷ ಕಳೆದ ಒಬ್ಬ ಅಮೆರಿಕನ್ ಇದ್ದರು. ಹೆಸರು ಬರ್ಟನ್ ಸ್ಟೈನ್. ಇತಿಹಾಸ ಎಂ.ಎ. ಮಾಡಿದವರಿಗೆ ಈ ಹೆಸರು ಗೊತ್ತಿರುತ್ತೆ, ಪರೀಕ್ಷೆಯಲ್ಲಿ ಹದಿನೈದು ಮಾರ್ಕ್ಸಿನ ಪ್ರಶ್ನೆಯಾಗಿ. ನಮ್ಮಂಥ ಉಳಿದವರಿಗೆ ಗೊತ್ತಿರುವುದು ಕಡಿಮೆ. ಅದಕ್ಕೇ ಈ ಲೇಖನ.

ಡಿಗ್ರಿ ಇಲ್ಲದೆ ಎಂ.ಎ.

ಸ್ಟೈನ್ ಹುಟ್ಟಿದ್ದು 1926ರಲ್ಲಿ, ಬೆಳೆದದ್ದು ಶಿಕಾಗೋದಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೇವೆ ಸಲ್ಲಿಸಿ ವಾಪಸ್ ಬಂದ ಹುಡುಗ ಕಾಲೇಜು ಸೇರಿದ್ದು ನೇವಿ ಪಿಯರ್ ಎಂಬಲ್ಲಿ. ಮಿಶಿಗನ್ ಸರೋವರದೊಳಕ್ಕೆ ಉದ್ದಕ್ಕೆ ಚಾಚಿಕೊಂಡಿರುವ ಹಡಗುಕಟ್ಟೆ ಅದು. ಯುದ್ಧ ಮುಗಿಸಿ ಬಂದ ಸಾವಿರಾರು ಸೈನಿಕರಿಗೆ ಓದಲು ಜಾಗ ಸಾಲದೆ ಇಲಿನಾಯ್ ವಿಶ್ವವಿದ್ಯಾಲಯ ಅದರ ಮೇಲೇ ಕ್ಲಾಸ್‌ರೂಮು ಮಾಡಿಕೊಂಡಿತ್ತು. ಅಲ್ಲಿದ್ದದ್ದು ಎರಡು ವರ್ಷದ ಓದು ಮಾತ್ರ. ಸ್ಟೈನ್ ಬಿ.ಎ. ಪೂರ್ತಿ ಮಾಡಲೇ ಇಲ್ಲ. ಆದರೂ ಶಿಕಾಗೋ ವಿಶ್ವವಿದ್ಯಾಲಯ ಅವರನ್ನು ನೇರವಾಗಿ ಎಂ.ಎ.ಗೆ ಸೇರಿಸಿಕೊಂಡಿತು. 1954ರಲ್ಲಿ ಎಂ.ಎ., 1957ರಲ್ಲಿ ಪಿಎಚ್‌.ಡಿ. ನಮ್ಮಲ್ಲಿ ಹೀಗೆ ಆಗುತ್ತಿತ್ತಾ ಅಂತ ಕೇಳಬೇಡಿ. ಮಾರ್ಕ್ಸ್ ಕಾರ್ಡ್‌ನ ಒರಿಜಿನಲ್ ಎಲ್ಲಿ ಅಂತ ಮೊದಲ ಕೌಂಟರಿನಲ್ಲೇ ವಾಪಸ್ ಕಳಿಸುತ್ತಿದ್ದರು.

ಅದು ಅಮೆರಿಕದ ವಿಶ್ವವಿದ್ಯಾಲಯಗಳು ಭಾರತದ ಕಡೆ ಗಂಭೀರವಾಗಿ ತಿರುಗಿದ ಕಾಲ. ಅಲ್ಲಿಯವರೆಗೆ ಅಲ್ಲಿ ಭಾರತ ಅಂದರೆ ಬಹುಮಟ್ಟಿಗೆ ಸಂಸ್ಕೃತ. ಯುದ್ಧದ ನಂತರ ಇತಿಹಾಸ, ರಾಜಕೀಯ, ಹಳ್ಳಿಯ ಜೀವನ ಎಲ್ಲ ಓದಿನ ವಿಷಯವಾದವು. ಸ್ವಲ್ಪ ಕಾಲದ ನಂತರ, 1962ರಿಂದ, ಇನ್ನೊಂದು ವಿಚಿತ್ರವೂ ನಡೆಯಿತು. ಪಿಎಲ್-480 ಅನ್ನೋ ಒಪ್ಪಂದದಲ್ಲಿ ಅಮೆರಿಕ ನಮಗೆ ಗೋಧಿ ಕಳಿಸುತ್ತಿತ್ತಲ್ಲ, ಅದಕ್ಕೆ ಭಾರತ ರೂಪಾಯಿಯಲ್ಲಿ ಕೊಟ್ಟ ಹಣದ ಒಂದು ಪಾಲಿನಲ್ಲಿ ಇಲ್ಲಿಯ ಪುಸ್ತಕಗಳನ್ನು ಕೊಂಡು ಅಲ್ಲಿಯ ಲೈಬ್ರರಿಗಳಿಗೆ ಸಾಗಿಸಿದರು. ಹಾಗೆ ಹಡಗು ಹತ್ತಿದವುಗಳಲ್ಲಿ ಕನ್ನಡ ಪುಸ್ತಕಗಳೂ ಇದ್ದವು. ಇಲ್ಲಿ ಔಟ್ ಆಫ್ ಪ್ರಿಂಟ್ ಆದ ಎಷ್ಟೋ ಪುಸ್ತಕ ಅಲ್ಲಿನ ಕಪಾಟಿನಲ್ಲಿ ಸಿಗುವುದರ ಹಿಂದಿನ ಗುಟ್ಟು ಇದೇ.

ಸ್ಟೈನ್ ಪಿಎಚ್‌.ಡಿ.ಗೆ ಆರಿಸಿಕೊಂಡ ವಿಷಯ ತಿರುಪತಿ. ಭಕ್ತಿ ಅಲ್ಲ, ದುಡ್ಡು. ದೇವಸ್ಥಾನ 1930ರ ದಶಕದಲ್ಲಿ ತನ್ನ ಶಾಸನಗಳನ್ನು ಸಂಪುಟಗಳಾಗಿ ಅಚ್ಚು ಹಾಕಿಸಿತ್ತು. ಅವನ್ನು ಇಟ್ಟುಕೊಂಡು ಸ್ಟೈನ್ ಕೇಳಿದ್ದು ಅಕೌಂಟೆಂಟ್ ಕೇಳುವ ಪ್ರಶ್ನೆ: ವಿಜಯನಗರದ ಕಾಲದಲ್ಲಿ ಹುಂಡಿಗೆ ಬಂದ ಹೊನ್ನು ಎಲ್ಲಿಗೆ ಹೋಗುತ್ತಿತ್ತು? ಉತ್ತರ ಚೆನ್ನಾಗಿದೆ. ಯಾರಾದರೂ ನೈವೇದ್ಯದ ಸೇವೆಗೆ ಅಂತ ಹಣ ಕೊಟ್ಟರೆ ದೇವಸ್ಥಾನ ಅದನ್ನು ಪೆಟ್ಟಿಗೆಯಲ್ಲಿ ಇಡುತ್ತಿರಲಿಲ್ಲ. ದೇವರ ಹಳ್ಳಿಗಳಲ್ಲಿ ಕೆರೆ, ಕಾಲುವೆ ತೋಡಿಸುತ್ತಿತ್ತು. ನೀರು ಬಂದ ಮೇಲೆ ಬೆಳೆ ಹೆಚ್ಚುತ್ತಿತ್ತು. ಹೆಚ್ಚಿದ ಬೆಳೆಯಿಂದ ಆ ಸೇವೆ ವರ್ಷಾನುವರ್ಷ ನಡೆಯುತ್ತಿತ್ತು. ದಾನ ಕೊಟ್ಟವನಿಗೆ ನೈವೇದ್ಯದಲ್ಲಿ ನಾಲ್ಕನೇ ಒಂದು ಪಾಲು. ಆ ಪಾಲನ್ನು ಅವನು ಮಠಕ್ಕೋ ಮತ್ತೊಬ್ಬರಿಗೋ ಬಿಟ್ಟುಕೊಡಬಹುದಿತ್ತು. ಅಂದರೆ ದೇವಸ್ಥಾನ ಒಂದು ನೀರಾವರಿ ಇಲಾಖೆಯೂ ಹೌದು, ಬ್ಯಾಂಕೂ ಹೌದು. ಅರಮನೆ ಮಾಡಬೇಕು ಅಂತ ನಾವು ಅಂದುಕೊಳ್ಳುವ ಕೆಲಸವನ್ನು ಗುಡಿ ಮಾಡುತ್ತಿತ್ತು. 1960ರಲ್ಲಿ ಈ ವಾದ ಲೇಖನವಾಗಿ ಪ್ರಕಟವಾಯಿತು.

ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಹುಟ್ಟಿಕೊಂಡಿತು. ಕೆರೆ ಕಟ್ಟಿಸುವುದು ಗುಡಿ, ಊರಿನ ನ್ಯಾಯ ನೋಡುವುದು ಗೌಡರು, ಜಮೀನು ಹಂಚಿಕೊಳ್ಳುವುದು ನಾಡಿನ ಒಕ್ಕಲಿನವರು ಅಂದಮೇಲೆ, ರಾಜ ಮಾಡುತ್ತಿದ್ದದ್ದಾದರೂ ಏನು?

ಚಕ್ಕೋತ ಬಿಡಿಸಿ ನೋಡಿ

ಮಿನೆಸೋಟಾದಲ್ಲಿ 1965ರವರೆಗೆ ಪಾಠ ಮಾಡಿ, 1966ರಲ್ಲಿ ಸ್ಟೈನ್ ಹವಾಯಿ ವಿಶ್ವವಿದ್ಯಾಲಯಕ್ಕೆ ಹೋದರು. ಹದಿನೇಳು ವರ್ಷ ಅಲ್ಲೇ. ಸಮುದ್ರದ ನಡುವಿನ ಆ ದ್ವೀಪದಲ್ಲಿ ಕೂತು ಕಾವೇರಿ ಬಯಲಿನ ಬಗ್ಗೆ ಬರೆದ ಪುಸ್ತಕ 1980ರಲ್ಲಿ ಬಂತು: 'ಪೆಸೆಂಟ್ ಸ್ಟೇಟ್ ಅಂಡ್ ಸೊಸೈಟಿ ಇನ್ ಮಿಡೀವಲ್ ಸೌತ್ ಇಂಡಿಯಾ'. ರೈತರ ರಾಜ್ಯ, ರೈತರ ಸಮಾಜ ಅಂತ ಇಟ್ಟುಕೊಳ್ಳಿ.

ಅಲ್ಲಿಯವರೆಗೆ ಚೋಳರ ಬಗ್ಗೆ ಕೊನೆಯ ಮಾತು ಅಂದರೆ ಕೆ.ಎ. ನೀಲಕಂಠ ಶಾಸ್ತ್ರಿಗಳದು. ಅವರ ಚಿತ್ರದಲ್ಲಿ ಮೇಲೆ ವೈಭವದ ಚಕ್ರವರ್ತಿ, ಕೆಳಗೆ ಅಚ್ಚುಕಟ್ಟಾದ ಅಧಿಕಾರಿ ವರ್ಗ, ಅದಕ್ಕೂ ಕೆಳಗೆ ಸ್ವಂತ ಸಭೆ ನಡೆಸುವ ಹಳ್ಳಿಗಳು. ಸ್ಟೈನ್ ಕೇಳಿದರು: ಚಕ್ರವರ್ತಿಯ ಆಡಳಿತ ಅಷ್ಟು ಬಲವಾಗಿದ್ದರೆ ಹಳ್ಳಿಗಳು ಅಷ್ಟು ಸ್ವತಂತ್ರವಾಗಿದ್ದದ್ದು ಹೇಗೆ? ಎರಡರಲ್ಲಿ ಒಂದು ತಾನೇ ನಿಜ ಇರಬೇಕು?

ಅವರ ಉತ್ತರದ ಹೆಸರು 'ಸೆಗ್ಮೆಂಟರಿ ಸ್ಟೇಟ್'. ಪರಿಕಲ್ಪನೆ ಅವರದ್ದಲ್ಲ. ಪೂರ್ವ ಆಫ್ರಿಕಾದ ಆಲೂರ್ ಜನರ ಬಗ್ಗೆ ಏಡನ್ ಸೌತ್‌ಹಾಲ್ ಎಂಬ ಮಾನವಶಾಸ್ತ್ರಜ್ಞ ಬರೆದದ್ದರಿಂದ ತಂದದ್ದು. ಅರ್ಥ ಆಗಬೇಕಾದರೆ ದೇವನಹಳ್ಳಿ ಚಕ್ಕೋತ ಒಂದನ್ನು ಬಿಡಿಸಿ. ಹೊರಗಿನಿಂದ ಒಂದೇ ಹಣ್ಣು. ಒಳಗೆ ತೊಳೆ ತೊಳೆ. ಪ್ರತಿ ತೊಳೆಗೂ ತನ್ನದೇ ಸಿಪ್ಪೆ, ತನ್ನದೇ ರಸ, ತನ್ನದೇ ಬೀಜ. ದಪ್ಪ ಹೊರಸಿಪ್ಪೆ ಎಲ್ಲವನ್ನೂ ಒಟ್ಟಿಗೆ ಹಿಡಿದಿರುತ್ತೆ, ಆದರೆ ತೊಳೆಯೊಳಗೆ ಏನು ನಡೆಯುತ್ತೆ ಅನ್ನುವುದಕ್ಕೂ ಅದಕ್ಕೂ ಸಂಬಂಧ ಕಮ್ಮಿ. (ಹೋಲಿಕೆ ನನ್ನದು, ಸ್ಟೈನ್ ಅವರದ್ದಲ್ಲ. ಆದರೆ ಈ ಊರಿನಲ್ಲಿ ನಿಂತು ಬೇರೆ ಹಣ್ಣು ಹೇಳಿದರೆ ತಪ್ಪಾಗುತ್ತೆ.) ಸ್ಟೈನ್ ಪ್ರಕಾರ ಆ ತೊಳೆ ಅಂದರೆ 'ನಾಡು'. ಕೆಲವಾರು ಹಳ್ಳಿಗಳ ಗುಂಪು, ಅದರ ಸ್ವಂತ ಮುಖಂಡರು, ಸ್ವಂತ ನೀರು, ಸ್ವಂತ ದೇವರು. ರಾಜನ ನಿಜವಾದ ಹಿಡಿತ ಇದ್ದದ್ದು ರಾಜಧಾನಿಯ ಸುತ್ತಮುತ್ತ. ದೂರದ ನಾಡುಗಳು ಅವನ ಹೆಸರು ಹೇಳುತ್ತಿದ್ದವು, ಶಾಸನದ ಮೊದಲಲ್ಲಿ ಅವನ ಬಿರುದು ಕೆತ್ತಿಸುತ್ತಿದ್ದವು, ಗೌರವ ಕೊಡುತ್ತಿದ್ದವು. ಆಡಳಿತ ಮಾತ್ರ ತಮ್ಮದೇ.

ನಮಗೆ ಇದು ಅಷ್ಟೇನೂ ಹೊಸ ಸುದ್ದಿ ಅನ್ನಿಸಲಿಕ್ಕಿಲ್ಲ. ಬೆಂಗಳೂರು ಕಟ್ಟಿದ ಕೆಂಪೇಗೌಡರನ್ನು ನಾವು ಕರೆಯುವುದೇ 'ನಾಡಪ್ರಭು' ಅಂತ, ಏರ್‌ಪೋರ್ಟಿಗೂ ಅವರದೇ ಹೆಸರು. ದೇವನಹಳ್ಳಿ–ಚಿಕ್ಕಬಳ್ಳಾಪುರ ರಸ್ತೆಯ ಆವತಿ ಎಂಬ ಹಳ್ಳಿಯಿಂದ ಹೊರಟ ಮೊರಸು ಒಕ್ಕಲಿಗರ ಮನೆತನಗಳೂ ನಾಡಪ್ರಭುಗಳೇ. ಕಂಚಿಯ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದ ಅಣ್ಣತಮ್ಮಂದಿರ ಕಥೆಯನ್ನು ಈ ಕಡೆ ಇಂದಿಗೂ ಹೇಳುತ್ತಾರೆ. ಅವರು ವಿಜಯನಗರಕ್ಕೆ ತಲೆಬಾಗಿದವರು, ನಿಜ. ಆದರೆ ಕೋಟೆ ಕಟ್ಟಿದ್ದು, ಸಂತೆ ಸೇರಿಸಿದ್ದು, ಕೆರೆ ತೋಡಿಸಿದ್ದು ಅವರೇ.

ಪುಸ್ತಕ ಬಂದ ಮೇಲೆ ಗಲಾಟೆ ಶುರುವಾಯಿತು. ಭಾರತದಲ್ಲಿ ಆರ್. ಚಂಪಕಲಕ್ಷ್ಮಿ, ಡಿ.ಎನ್. ಝಾ ಕಟುವಾಗಿ ವಿಮರ್ಶೆ ಮಾಡಿದರು. ಜಪಾನಿನ ನೊಬೊರು ಕರಾಶಿಮ ತಮಿಳು ಶಾಸನಗಳನ್ನು ಒಂದೊಂದಾಗಿ ಲೆಕ್ಕ ಹಾಕಿ, ಅಧಿಕಾರಿಗಳ ಬಿರುದು, ತೆರಿಗೆಯ ಹೆಸರು ಎಣಿಸಿ, ಚೋಳರ ಆಡಳಿತ ಸ್ಟೈನ್ ಹೇಳಿದ್ದಕ್ಕಿಂತ ಗಟ್ಟಿಯಾಗಿತ್ತು ಅಂತ ತೋರಿಸಿದರು. ಕರಾಶಿಮ ಅವರಿಗೆ 2013ರಲ್ಲಿ ಪದ್ಮಶ್ರೀ ಬಂತು. ಶಾಸನದ ವಿಷಯದಲ್ಲಿ ನನಗೂ ಅವರ ಕಡೆಯೇ ತೂಕ ಹೆಚ್ಚು ಕಾಣುತ್ತೆ. ಸ್ಟೈನ್ ದೊಡ್ಡ ಚೌಕಟ್ಟು ಮೊದಲು ಹಾಕಿ, ವಿವರವನ್ನು ಅದರೊಳಗೆ ತುಂಬುವ ಸ್ವಭಾವದವರು. ಕಾವೇರಿ ಬಯಲಿಗೆ ಹೊಲಿದ ಅಂಗಿಯನ್ನು ನಮ್ಮ ಕೆರೆಬಯಲಿನ ಒಣಸೀಮೆಗೂ ತೊಡಿಸಿದರು, ಅಲ್ಲಲ್ಲಿ ಬಿಗಿಯಾಯಿತು. ಆದರೂ ಅವರು ಕೇಳಿದ ಪ್ರಶ್ನೆಯನ್ನು ದಾಟಿ ಹೋಗಲು ಆಮೇಲೆ ಬಂದ ಯಾರಿಗೂ ಆಗಲಿಲ್ಲ. ಒಪ್ಪದವರೂ ಅದಕ್ಕೆ ಉತ್ತರ ಕೊಟ್ಟೇ ಮುಂದೆ ಹೋಗಬೇಕಾಯಿತು.

ಇನ್ನೊಂದು ಗುಣ ನನಗೆ ಇಷ್ಟ. ಟೀಕೆ ಬಂದಾಗ ಸ್ಟೈನ್ ಗೋಡೆ ಎಬ್ಬಿಸಿಕೊಂಡು ಕೂರಲಿಲ್ಲ. ಹತ್ತು ವರ್ಷದ ನಂತರ ತಮ್ಮ ವಾದವನ್ನು ತಾವೇ ಮರುಪರಿಶೀಲಿಸಿ ಬರೆದರು. ರಾಜನ ಪೂಜಾ ಅಧಿಕಾರ ಬೇರೆ, ರಾಜಕೀಯ ಅಧಿಕಾರ ಬೇರೆ ಅಂತ ಗೆರೆ ಕೊಯ್ದಂತೆ ಹೇಳಿದ್ದನ್ನು ಸಡಿಲ ಮಾಡಿದರು.

ತೊಳೆ ಒಡೆದವರು ಯಾರು

1983ರಲ್ಲಿ ಹವಾಯಿ ಬಿಟ್ಟು ಪತ್ನಿ ಡೊರೊಥಿ ಅವರ ಜೊತೆ ಲಂಡನ್‌ಗೆ ಬಂದರು. ಸೋವಾಸ್ ಸಂಸ್ಥೆಯಲ್ಲಿ ಸಂಶೋಧಕರಾಗಿ ಕೊನೆಯವರೆಗೂ ಇದ್ದರು. ಐವತ್ತೇಳು ವರ್ಷ ಅಂದರೆ ಬಹಳ ಜನ ಹಳೆಯದನ್ನೇ ಅರೆಯುವ ವಯಸ್ಸು. ಸ್ಟೈನ್ ಹೊಸ ಪ್ರಶ್ನೆ ಹಿಡಿದರು. ದಕ್ಷಿಣದ ರಾಜ್ಯಗಳು ತೊಳೆ ತೊಳೆಯಾಗಿದ್ದವು ಅಂತಿಟ್ಟುಕೊಳ್ಳೋಣ. ಹಾಗಿದ್ದರೆ ಇಂದು ನಾವು ನೋಡುವ, ಪ್ರತಿ ಹೊಲದ ಗುಂಟೆ ಲೆಕ್ಕ ಇಡುವ ಸರ್ಕಾರ ಎಲ್ಲಿಂದ ಬಂತು?

'ಬ್ರಿಟಿಷರಿಂದ' ಅನ್ನೋದು ನಮ್ಮ ಬಾಯಿಗೆ ಬರುವ ಉತ್ತರ. ಸ್ಟೈನ್ ಇಲ್ಲ ಅಂದರು. ಬ್ರಿಟಿಷರು ಕಲಿತದ್ದು ಮೈಸೂರಿನಿಂದ.

1985ರ ಲೇಖನವೊಂದರಲ್ಲಿ, ಆಮೇಲೆ 1989ರ 'ವಿಜಯನಗರ' ಪುಸ್ತಕದಲ್ಲಿ ಈ ವಾದ ಇದೆ. ಕುದುರೆ, ಫಿರಂಗಿ, ಸಂಬಳದ ಸಿಪಾಯಿ, ಇವಕ್ಕೆಲ್ಲ ನಗದು ಬೇಕು. ನಗದು ಬೇಕಾದರೆ ನಡುವೆ ಕೂತು ಪಾಲು ಮುರಿದುಕೊಳ್ಳುವ ನಾಡಪ್ರಭು, ಪಾಳೇಗಾರರನ್ನು ತೆಗೆಯಬೇಕು. ಯುದ್ಧಕ್ಕಾಗಿ ತೆರಿಗೆ, ತೆರಿಗೆಗಾಗಿ ಗಟ್ಟಿ ಸರ್ಕಾರ. ಇದಕ್ಕೆ ಸ್ಟೈನ್ ಬಳಸಿದ ಹೆಸರು 'ಮಿಲಿಟರಿ ಫಿಸ್ಕಲಿಸಂ'. ಕೃಷ್ಣದೇವರಾಯನೂ ದೊಡ್ಡ ದೊರೆಗಳ ಬಲ ತಗ್ಗಿಸಲು ಪ್ರಯತ್ನಪಟ್ಟ, ಪೂರ್ತಿ ಆಗಲಿಲ್ಲ. ಕೆಲಸ ಮುಗಿಸುವ ಹತ್ತಿರ ಬಂದದ್ದು ಹೈದರ್, ಅವನಿಗಿಂತ ಹೆಚ್ಚಾಗಿ ಟಿಪ್ಪು.

ಈಗ ಮತ್ತೆ ಕೋಟೆಗೆ ಬನ್ನಿ. 1749ರಲ್ಲಿ ಮೈಸೂರಿನ ಸೇನೆ ಇದೇ ದೇವನಹಳ್ಳಿಯನ್ನು ಮುತ್ತಿತು. ಆವತಿ ವಂಶದವರು ತಿಂಗಳುಗಟ್ಟಲೆ ಬಾಗಿಲು ತೆರೆಯಲಿಲ್ಲ. ಆ ಮುತ್ತಿಗೆಯಲ್ಲಿ ಅಣ್ಣನ ದಂಡಿನ ಜೊತೆ ಬಂದಿದ್ದ, ಯಾವ ಹುದ್ದೆಯೂ ಇಲ್ಲದ ಒಬ್ಬನ ಧೈರ್ಯ ಸರ್ವಾಧಿಕಾರಿ ನಂಜರಾಜಯ್ಯನ ಕಣ್ಣಿಗೆ ಬಿತ್ತು. ಐವತ್ತು ಕುದುರೆ, ಇನ್ನೂರು ಕಾಲಾಳು ಕೊಟ್ಟು ನಾಯಕನನ್ನಾಗಿ ಮಾಡಿದ ಅಂತ ಮಾರ್ಕ್ ವಿಲ್ಕ್ಸ್ ಬರೆದ ಮೈಸೂರು ಚರಿತ್ರೆ ಹೇಳುತ್ತೆ. ಅವನೇ ಹೈದರ್. ಮರುವರ್ಷ ಇಲ್ಲೇ ಮಗ ಹುಟ್ಟಿದ. ಒಂದು ನಾಡಿನ ತೊಳೆ ಒಡೆದ ಜಾಗ ಮತ್ತು ಅದನ್ನು ಒಡೆದ ಸರ್ಕಾರ ಹುಟ್ಟಿದ ಜಾಗ, ಎರಡೂ ಒಂದೇ ಊರು. ಬಂದೂಕಿನ ಕಿಂಡಿಯ ಕಲ್ಲುಗೋಡೆ ಆ ಹೊಸ ಸರ್ಕಾರದ ರುಜು.

ಟಿಪ್ಪು ಅಂದ ಕೂಡಲೇ ನಮ್ಮಲ್ಲಿ ವಾಟ್ಸ್ಯಾಪ್ ಗ್ರೂಪಿನಲ್ಲಿ ಜಗಳ. ಹುಲಿ ಅಂತ ಒಬ್ಬರು, ಇನ್ನೇನೋ ಅಂತ ಇನ್ನೊಬ್ಬರು. ಸ್ಟೈನ್ ಓದುವಾಗ ಒಂಥರಾ ತಣ್ಣಗಿರುತ್ತೆ. ಅವರಿಗೆ ಟಿಪ್ಪು ವೀರನೂ ಅಲ್ಲ, ಖಳನೂ ಅಲ್ಲ. ಅಮಲ್ದಾರರನ್ನು ಇಟ್ಟು, ಇನಾಮು ಜಮೀನು ವಾಪಸ್ ತಗೊಂಡು, ರೈತನಿಂದ ನೇರ ಕಂದಾಯ ಎತ್ತಲು ಹೊರಟ ಆಡಳಿತಗಾರ. 1792ರಲ್ಲಿ ಅರ್ಧ ರಾಜ್ಯ ಕಳೆದುಕೊಂಡ ಮೇಲೂ 3 ಕೋಟಿ 30 ಲಕ್ಷ ರೂಪಾಯಿ ದಂಡ ಕಟ್ಟಬೇಕಾಗಿ ಬಂದವನು. ಆ ದಂಡದ ಭಾರ ಕೊನೆಗೆ ಬಿದ್ದದ್ದು ಯಾರ ಹೊಲದ ಮೇಲೆ ಅಂತ ಬೇರೆ ಹೇಳಬೇಕಿಲ್ಲ.

ಮೈಸೂರನ್ನು ಎದುರಾಳಿಯಾಗಿ ನೋಡುತ್ತಾ ಕಲಿತವನೊಬ್ಬ ಇದ್ದ. ಅವನ ಹೆಸರು ಕನ್ನಡಿಗರಿಗೆ ಮಂತ್ರಾಲಯದ ಕಥೆಯಿಂದ ಗೊತ್ತು: ಥಾಮಸ್ ಮನ್ರೋ. ರಾಯರು ಬೃಂದಾವನದಿಂದಲೇ ಮಾತಾಡಿದರು ಅನ್ನುವ ಕಥೆಯ ಮನ್ರೋ. ಗ್ಲಾಸ್ಗೋದವನು, 1780ರಲ್ಲಿ ಹದಿನೆಂಟರ ಹುಡುಗನಾಗಿ ಮದ್ರಾಸಿಗೆ ಬಂದ. ಬಂದ ವರ್ಷವೇ ಹೈದರ್ ವಿರುದ್ಧ ಯುದ್ಧ. 1791ರಲ್ಲಿ ಬೆಂಗಳೂರು ಹಿಡಿದ ಮೇಲೆ ಕಾರ್ನ್‌ವಾಲಿಸ್ ಉತ್ತರಕ್ಕೆ ನಡೆದು ದೇವನಹಳ್ಳಿಯನ್ನೂ ಕೈವಶ ಮಾಡಿಕೊಂಡನಲ್ಲ, ಆ ಯುದ್ಧದಲ್ಲೂ ಮನ್ರೋ ಇದ್ದ. ಮೈಸೂರಿನ ಆಡಳಿತ ಎಷ್ಟು ಕ್ರಮಬದ್ಧ, ಅದಕ್ಕೇ ಎಷ್ಟು ಅಪಾಯಕಾರಿ ಅಂತ 1790ರಲ್ಲೇ ಪತ್ರದಲ್ಲಿ ಬರೆದಿದ್ದ. ಮುಂದೆ ಬಾರಾಮಹಲ್, ಕೆನರಾ, ಆಮೇಲೆ ಬಳ್ಳಾರಿ–ಕಡಪ ಸೀಮೆಯ ಕಲೆಕ್ಟರಿಕೆ. ಅಲ್ಲಿ ಎಂಬತ್ತರಷ್ಟು ಪಾಳೇಗಾರರ ಬಲ ಮುರಿದ. ಜಮೀನ್ದಾರರನ್ನು ಬಿಟ್ಟು ರೈತನ ಜೊತೆಗೇ ಸರ್ಕಾರದ ಲೆಕ್ಕ ಇಟ್ಟ. ಅದೇ ರೈತವಾರಿ ಪದ್ಧತಿ.

ಸ್ಟೈನ್ ಮನ್ರೋನ ಜೀವನ ಚರಿತ್ರೆ ಬರೆದದ್ದು 1989ರಲ್ಲಿ. ರೈತಬಂಧು ಮನ್ರೋ ಅಂತ ಬ್ರಿಟಿಷರು ಕಟ್ಟಿದ್ದ ಚಿತ್ರವನ್ನು ಅವರು ಕೆಳಗಿಳಿಸುತ್ತಾರೆ. ರೈತನ ಮೇಲಿನ ಪ್ರೀತಿಗಿಂತ ಮೊದಲು ಇದ್ದದ್ದು ರಾಜಕೀಯ ಲೆಕ್ಕ: ನಡುವಿನ ದೊರೆಗಳು ಉಳಿದರೆ ಕಂಪನಿ ಉಳಿಯಲ್ಲ. ಟಿಪ್ಪು ಅರ್ಧಕ್ಕೆ ಬಿಟ್ಟದ್ದನ್ನು ಮನ್ರೋ ಮುಗಿಸಿದ ಅನ್ನೋದು ಪುಸ್ತಕದ ತಿರುಳು. ನನ್ನ ಓದಿನಲ್ಲಿ ಸ್ಟೈನ್ ಅವರ ಅತ್ಯುತ್ತಮ ಪುಸ್ತಕ ಇದೇ. ದೊಡ್ಡ ಸಿದ್ಧಾಂತ ಇಲ್ಲಿ ಒಬ್ಬ ಮನುಷ್ಯನ ಬೆನ್ನು ಹತ್ತಿ ನಡೆಯುತ್ತೆ, ಹಾಗಾಗಿ ಕಾಲು ನೆಲದ ಮೇಲಿದೆ.

ಮನ್ರೋನ ಪದ್ಧತಿ ಮದ್ರಾಸ್ ಪ್ರಾಂತ್ಯದ್ದು, ದೇವನಹಳ್ಳಿ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಆದರೆ ಹೊಲ ಅಳೆದು, ಸರ್ವೆ ನಂಬರ್ ಕೊಟ್ಟು, ರೈತನ ಹೆಸರಿಗೆ ಕಂದಾಯ ಬರೆಯುವ ಕ್ರಮ ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿಗೂ ಬಂತು. ಇವತ್ತು ಮೊಬೈಲಿನಲ್ಲಿ ತೆಗೆಯುವ ಪಹಣಿ ಅದರ ಮರಿಮಗ.

ಪಾಣಿ ಯಾರ ಹೆಸರಲ್ಲೈತೆ

ಕೋಟೆ ನೋಡಿ ಇಳಿದಾಗ ಬಾಗಿಲ ಹತ್ತಿರ ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. 'ಕೋಟೆ ಯಾರದು ತಾತ?' ಅಂದೆ, ಸುಮ್ಮನೆ. 'ಯಾರ್ದಾದ್ರೇನಪ್ಪ, ಗೌಡ್ರು ಕಟ್ಟುದ್ರು, ನವಾಬ್ರು ಕಿತ್ಕಂಡ್ರು, ಬಿಳೀ ದೊರೆಗಳು ಕಿತ್ಕಂಡ್ರು. ಈಗ ಗೌರ್ಮೆಂಟ್ದು. ಪಾಣಿ ಯಾರ ಹೆಸರಲ್ಲೈತೆ ಅನ್ನೋದ್ ಹೇಳು' ಅಂದರು. ಇಡೀ 'ಮಿಲಿಟರಿ ಫಿಸ್ಕಲಿಸಂ' ಅಧ್ಯಾಯ ಅದರಲ್ಲಿ ಮುಗಿದುಹೋಯಿತು.

ಈ ತಾಲ್ಲೂಕಿನಲ್ಲಿ ಆ ಮಾತಿಗೆ ತೂಕ ಇದೆ. 2008ರಲ್ಲಿ ಏರ್‌ಪೋರ್ಟ್ ಶುರುವಾದ ಮೇಲೆ ಇಲ್ಲಿಯ ಎಕರೆಯ ಬೆಲೆಯೂ ಬದಲಾಯಿತು, ಎಕರೆಯ ಭಯವೂ ಬದಲಾಯಿತು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕೆಗೆ ತೆಗೆದುಕೊಳ್ಳಲು ಸರ್ಕಾರ ಹೊರಟಾಗ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಆ ಭೂಸ್ವಾಧೀನ ಕೈಬಿಡುವುದಾಗಿ ಘೋಷಿಸಿದರು. ಇಷ್ಟಪಟ್ಟು ಕೊಡುವವರಿಂದ ಮಾತ್ರ ತಗೊಳ್ತೀವಿ ಅಂದರು. ದ್ರಾಕ್ಷಿ, ರೇಷ್ಮೆ, ರಾಗಿಯ ಆ ಹೊಲಗಳ ವಿಷಯದಲ್ಲಿ ಸರ್ಕಾರ ಮತ್ತು ಊರು ಮುಖಾಮುಖಿ ಕೂತದ್ದು ಇದೇ ಮೊದಲೇನಲ್ಲ ಅನ್ನುವುದು ಸ್ಟೈನ್ ಓದಿದವರಿಗೆ ಕಾಣುತ್ತೆ. ನಡುವೆ ಬಾಗಿಲು ಹಾಕಿಕೊಳ್ಳುವ ನಾಡಪ್ರಭು ಈಗಿಲ್ಲ ಅಷ್ಟೆ. ರೈತರೇ ಟೆಂಟ್ ಹಾಕಿ ಕೂರಬೇಕಾಯಿತು.

ಸಮುದಾಯಕ್ಕೂ ಸರ್ಕಾರಕ್ಕೂ ನಡುವಿನ ಈ ಹಗ್ಗಜಗ್ಗಾಟವನ್ನೇ ಎಳೆಯಾಗಿ ಹಿಡಿದು ಸ್ಟೈನ್ ಕೊನೆಯ ದಿನಗಳಲ್ಲಿ ಇಡೀ ಭಾರತದ ಚರಿತ್ರೆ ಬರೆಯುತ್ತಿದ್ದರು. 1996ರ ಏಪ್ರಿಲ್ 26ರಂದು ತೀರಿಕೊಂಡರು. ಪುಸ್ತಕ 'ಎ ಹಿಸ್ಟರಿ ಆಫ್ ಇಂಡಿಯಾ' ಬಂದದ್ದು 1998ರಲ್ಲಿ, ಅವರ ಕಣ್ಣಿಗೆ ಬೀಳಲಿಲ್ಲ.

ಓದಬೇಕು ಅನ್ನಿಸಿದರೆ ಅದರಿಂದ ಶುರು ಮಾಡಬೇಡಿ, ದಪ್ಪ ಇದೆ. 1980ರದ್ದು ಇನ್ನೂ ಕಷ್ಟ. 'ವಿಜಯನಗರ' ತೆಳ್ಳಗಿದೆ, ಹಂಪಿ ಟ್ರಿಪ್ಪಿನ ಮುಂಚೆ ಎರಡು ವೀಕೆಂಡಿನಲ್ಲಿ ಮುಗಿಸಬಹುದು. ಮುಗಿಸಿದ ಮೇಲೆ ಮನ್ರೋ. ದೇವನಹಳ್ಳಿ ಕಡೆ ಹೋಗುವವರು ಸೀಸನ್ ನೋಡಿಕೊಂಡು ಹೋಗಿ, ಚಕ್ಕೋತ ಸಿಗುತ್ತೆ. ತೊಳೆ ಬಿಡಿಸುವುದು ಸ್ವಲ್ಪ ನಿಧಾನದ ಕೆಲಸ. ಚಿಟಿಕೆ ಉಪ್ಪು ಖಾರ ಇರಲಿ.